ಅಕ್ಕನ ಕಣ್ಣಿಗೊಂದು ಮಾನಿಟರ್

ಕಂಪ್ಯೂಟರನ್ನು ಮೊದಲ ಸಲ ನೋಡುವವರು ನಿಜವಾಗಿ ನೋಡುವುದು ಮಾನಿಟರನ್ನು. ಲೆಕ್ಕ ಮಾಡುವುದು, ನೆನಪಿಟ್ಟುಕೊಳ್ಳುವುದು, ಬಿಸಿಯಾಗಿ ಬುಸುಗುಡುವುದು ಎಲ್ಲ ಪಕ್ಕದ ತಗಡಿನ ಡಬ್ಬಿಯ ಕೆಲಸ. ಆದರೆ ಆಯುಧಪೂಜೆಯ ದಿನ ಹೂವಿನ ಹಾರ ಬೀಳುವುದು ಮಾನಿಟರಿನ ಕೊರಳಿಗೆ. ನಮ್ಮ ಕಡೆ ಅದರ ಗಾಜಿಗೆ ಮೂರು ಬೆರಳು ವಿಭೂತಿ ಎಳೆದು, ಮರುದಿನ ಅಕ್ಷರ ಮಸುಕಾಗಿವೆ ಎಂದು ಮೆಕ್ಯಾನಿಕನನ್ನು ಕರೆಸಿದವರೂ ಇದ್ದಾರೆ. ನಾನೂ ಬಹಳ ಕಾಲ ಟಿ.ವಿ.ಗೂ ಮಾನಿಟರಿಗೂ ಇರುವ ಭೇದವೆಂದರೆ ಚಾನೆಲ್ ತಿರುವುವ ಗುಂಡಿ ಒಂದೇ ಎಂದು ನಂಬಿದ್ದವನು. ಅಂಥವನಿಗೆ ಒಂದು ಮಾನಿಟರನ್ನು ಆರಿಸಿಕೊಡುವ ಜವಾಬ್ದಾರಿ ಬಂತು. ಆ ಮಾನಿಟರು ಬೇಕಾಗಿದ್ದದ್ದು ನಮ್ಮ ಅಕ್ಕನಿಗೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಮಸ್ಕಿಯಲ್ಲಿ ಹೈಸ್ಕೂಲು ಮಾಸ್ತರ. ನನ್ನ ಅಕ್ಕ ನೀಲಮ್ಮ ಲಿಂಗಸುಗೂರಿನಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದಳು. ಮನೆಯ ಮುಂದಿನ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಮಷಿನುಗಳು, ಮಧ್ಯೆ ಅಕ್ಕನ ಖುರ್ಚಿ. ಬೆಳಿಗ್ಗೆ ಹುಡುಗ ಹುಡುಗಿಯರು ಟಕಟಕ ಶುರುಮಾಡಿದರೆ ಓಣಿಯ ಜನಕ್ಕೆ ಗಡಿಯಾರ ಬೇಕಾಗುತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳಿಲ್ಲದ ಹೊತ್ತಿನಲ್ಲಿ ವಕೀಲರ ಅರ್ಜಿಗಳನ್ನು ಅವಳೇ ಟೈಪು ಮಾಡುತ್ತಿದ್ದಳು. ಕೀಲಿಗಳ ಕಡೆ ಎಂದೂ ನೋಡಿದವಳಲ್ಲ. ಬೀದಿಯಲ್ಲಿ ಹೋಗುವವರನ್ನು ಮಾತನಾಡಿಸುತ್ತ, ಒಳಗೆ ಕುಕ್ಕರಿನ ಸೀಟಿಗೆ ಕಿವಿಗೊಡುತ್ತ ಕೂತರೂ ಕೈ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಅವಳ ಕಣ್ಣು ಮೊದಲಿನಿಂದಲೂ ಸೂಕ್ಷ್ಮ. ನಲವತ್ತು ದಾಟಿದ ಮೇಲೆ ಎರಡಕ್ಕೂ ಆಪರೇಶನ್ ಆಯಿತು, ದಪ್ಪ ಚಸ್ಮಾ ಬಂತು. ಇದ್ದಷ್ಟು ದೃಷ್ಟಿಯನ್ನು ಉಳಿಸಿಕೊಳ್ಳಿ, ಹೆಚ್ಚಿನದನ್ನು ಬಯಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಟೈಪು ಮಾಡುವುದಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಟೈಪು ಮಾಡಿದ್ದನ್ನು ಓದುವುದಕ್ಕೆ. ಬೆರಳಿಗೆ ಕಣ್ಣು ಬೇಡವಾದರೂ ತಪ್ಪು ಹಿಡಿಯುವುದಕ್ಕೆ ಕಣ್ಣು ಬೇಕಲ್ಲ. ಕಾಗದದ ಮೇಲಿನ ಸಣ್ಣ ಅಕ್ಷರಗಳು ಅವಳಿಗೆ ಇರುವೆಯ ಸಾಲಿನಂತೆ ಕಾಣತೊಡಗಿದವು. ವಕೀಲರು ಒಂದೆರಡು ಅರ್ಜಿಗಳನ್ನು ಮರ್ಯಾದೆಯಿಂದಲೇ ತಿರುಗಿ ಕಳಿಸಿದರು, ಆಮೇಲೆ ಮರ್ಯಾದೆಯಿಂದಲೇ ಬೇರೆ ಕಡೆ ಹೋದರು. ವಿದ್ಯಾರ್ಥಿಗಳ ಹಾಳೆ ತಿದ್ದುವುದಕ್ಕೂ ಅವಳು ಹಿಂಜರಿಯತೊಡಗಿದಳು. ಆ ವರ್ಷದ ಟೈಪಿಂಗ್ ಪರೀಕ್ಷೆ ಮುಗಿದ ಮೇಲೆ ಕ್ಲಾಸು ಮುಚ್ಚುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ನಮಗೆ ಹೇಳಿರಲಿಲ್ಲ. ಮಷಿನುಗಳಿಗೆ ಹೊಸ ರಿಬ್ಬನ್ ತರಿಸುವುದನ್ನು ನಿಲ್ಲಿಸಿದಾಗ ನಮಗೇ ಗೊತ್ತಾಯಿತು.

ಈ ಸುದ್ದಿ ಹೇಗೋ ಹೈದರಾಬಾದಿಗೆ ಮುಟ್ಟಿತು. ಅಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಖೈರುನ್ನೀಸಾ ಅಕ್ಕನ ಹಳೆಯ ವಿದ್ಯಾರ್ಥಿನಿ. ಅವರ ಆಫೀಸಿನವರು ಹೊಸ ಕಂಪ್ಯೂಟರು ತರಿಸಿ ಹಳೆಯವನ್ನು ಮಾರುತ್ತಿದ್ದಾಗ ಅವಳು ಚಿಕ್ಕದೊಂದನ್ನು ಕೊಂಡು, ಲಿಂಗಸುಗೂರಿಗೆ ಬರುವ ಪರಿಚಯದವರ ಕೈಯಲ್ಲಿ ಕಳಿಸಿಬಿಟ್ಟಳು. ಆಮೇಲೆ ಎದುರಿನ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿ ಅಕ್ಕನನ್ನು ಕರೆಸಿದಳು.

"ಟೀಚರ್, ಅದರಾಗ ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದು ಮಾಡಾಕ ಬರ್ತದ್ರಿ. ನೀವು ಕ್ಲಾಸ್ ಬಂದ್ ಮಾಡಬ್ಯಾಡ್ರಿ."

"ಮಾನಿಟರ್ ಎಲ್ಲೈತವ್ವ? ಖಾಲಿ ಡಬ್ಬಿ ಬಂದೈತಲ್ಲ."

"ಬಸ್ಸಿನ್ಯಾಗ ಗಾಜು ಉಳಿಯಂಗಿಲ್ರಿ. ಮತ್ತ ಅದನ್ನ ನಾ ಪಸಂದ್ ಮಾಡಿದ್ರ ಏನ್ ಬಂತು? ನಿಮ್ಮ ಕಣ್ಣಿಗೆ ಯಾವ್ದು ಬರೋಬ್ಬರಿ ಆಗ್ತದೋ ನೀವ ಕುಂತು ನೋಡಿ ತಗೋರಿ."

ಹೀಗೆ ಮಿಠಾಯಿ ಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದಾದ, ಚಪ್ಪಟೆಯಾದ ಆ ಕಂಪ್ಯೂಟರು ಅಕ್ಕನ ಟೇಬಲಿನ ಮೇಲೆ ಮುಖವಿಲ್ಲದೆ ಕೂತಿತು. ಮುಖ ಹುಡುಕುವ ಕೆಲಸಕ್ಕೆ ಮನೆಯವರೆಲ್ಲ ಕೈಹಾಕಿದೆವು.

ನಮ್ಮ ಕಡೆ ಅಕ್ಕನ ಗಂಡನನ್ನೂ ಮಾವ ಎಂದೇ ಕರೆಯುತ್ತೇವೆ. ವೀರಣ್ಣ ಮಾವನದು ಜವಳಿ ಅಂಗಡಿ. ಇಡೀ ಆಯುಷ್ಯ ಸೀರೆ ಬಿಚ್ಚಿ ತೋರಿಸಿದ ಮನುಷ್ಯನಿಗೆ ಬಣ್ಣವಿಲ್ಲದ ವಸ್ತು ವಸ್ತುವೇ ಅಲ್ಲ. "ತರೂದಾದ್ರ ಕಲರ್ ತರೋದು. ಲಗ್ನಪತ್ರಿಕಿ ಮಾಡಬಹುದು, ಅಂಚು ಸೆರಗು ಎಲ್ಲಾ ತೋರಿಸಬಹುದು" ಎಂದು ಅವರ ವಾದ. ನಾನು ಕಪ್ಪು ಬಿಳುಪಿನ ಪಕ್ಷ. ಅದಕ್ಕೆ ಕಾರಣ ಒಂದು ಇಂಗ್ಲಿಷ್ ಮಾಸಪತ್ರಿಕೆ. ಅದರ ಹಳೆಯ ಸಂಚಿಕೆಯೊಂದು ಶಾಲೆಯ ಲೈಬ್ರರಿಯಲ್ಲಿ ಸಿಕ್ಕಿತ್ತು. ಬಣ್ಣದ ಪರದೆಯಲ್ಲಿ ಪ್ರತಿಯೊಂದು ಚುಕ್ಕೆಯೂ ಮೂರು ಚುಕ್ಕೆಗಳ ಕೂಟ, ಆದ್ದರಿಂದ ಅಕ್ಷರದ ಅಂಚು ಒಡೆಯುತ್ತದೆ, ಕಪ್ಪು ಬಿಳುಪಿನಲ್ಲಿ ಹಾಗಾಗುವುದಿಲ್ಲ ಎಂದು ಅದರಲ್ಲಿತ್ತು. ಓದಿದ್ದು ಒಂದೇ ಲೇಖನವಾದರೂ ನಾನು ಅದನ್ನು ಹತ್ತು ಪುಸ್ತಕ ಓದಿದವನ ಗತ್ತಿನಲ್ಲಿ ಹೇಳಿದೆ. ಮಾವ ಚುಕ್ಕೆಯ ಮಾತಿಗೆ ಚುಕ್ಕೆ ಸೀರೆಯ ಉದಾಹರಣೆ ಕೊಟ್ಟರು. ಶಾಲೆಯ ರಜೆಗೆಂದು ನಾನು ಅಕ್ಕನ ಮನೆಯಲ್ಲಿದ್ದ ಆ ಒಂದು ವಾರ ಊಟಕ್ಕೆ ಕೂತಾಗಲೆಲ್ಲ ಇದೇ ಚರ್ಚೆ. ಮಾನಿಟರಿನ ಎದುರು ದಿನವೆಲ್ಲ ಕೂರಬೇಕಾದವಳು ನಮಗಿಬ್ಬರಿಗೂ ರೊಟ್ಟಿ ಬಡಿಸುತ್ತಿದ್ದಳು. ಅವಳನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಅವಳೇ ಒಂದು ದಿನ ರೊಟ್ಟಿಯ ಬುಟ್ಟಿ ಕೆಳಗಿಟ್ಟು, "ರವಿವಾರ ಸಿಂಧನೂರಿಗೆ ಹೋಗೋಣು. ಡಬ್ಬಿ ತಗೊಂಡ ಹೋಗೋಣು. ಹಚ್ಚಿ ನೋಡ್ತೀನಿ. ಕಂಡ್ರ ತರೋದು, ಕಾಣಲಿಲ್ಲಂದ್ರ ಡಬ್ಬಿ ಖೈರುನ್‌ಗ ವಾಪಸ್ ಕಳಿಸೋದು, ಮಷಿನ್ ಮಾರೋದು" ಎಂದಳು. ಕ್ಲಾಸು ಮುಚ್ಚುವ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಮಾವ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ನಾನು ಚುಕ್ಕೆಗಳ ಪತ್ರಿಕೆಯನ್ನು ಮಡಚಿ ಚೀಲಕ್ಕೆ ಹಾಕಿದೆ.

ಸಿಂಧನೂರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಕಾಲುವೆ ನೀರು, ಭತ್ತ, ಅಕ್ಕಿ ಮಿಲ್ಲುಗಳು ಸೇರಿ ಆ ಊರಿಗೆ ನಮ್ಮ ಊರುಗಳಿಗಿಂತ ಮುಂಚೆಯೇ ಕಂಪ್ಯೂಟರು ಬಂದಿತ್ತು. ಅಕ್ಕ ಮಾವ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದರು, ನಾನು ಮಸ್ಕಿಯಲ್ಲಿ ಸೇರಿಕೊಂಡೆ. ಕಂಪ್ಯೂಟರು ಅಕ್ಕನ ತೊಡೆಯ ಮೇಲಿತ್ತು, ಟವೆಲ್ಲು ಹೊದ್ದು. ಕಂಡಕ್ಟರು ಬಗ್ಗಿ, "ಏನ್ರಿ ಅಮ್ಮಾರ, ಒಳಗ?" ಎಂದ.

"ಕಂಪ್ಯೂಟರ್."

"ಮತ್ತ ಟಿ.ವಿ. ಎಲ್ಲೈತ್ರಿ?"

"ಅದನ್ನ ನೋಡಾಕ ಹೊಂಟೀವಿ."

ಪಕ್ಕದಲ್ಲಿ ತುರ್ವಿಹಾಳದ ಮುದುಕಿಯೊಬ್ಬಳಿದ್ದಳು. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. "ವರ ನೋಡಾಕ ಹೊಂಟೀರೇನವ್ವ? ಮಗಳಿಗೇನು?" ಎಂದಳು.

ಅಕ್ಕನಿಗೆ ನಗೆ ಬಂತು, ಮುಖವಿಲ್ಲದ ಡಬ್ಬಿಯನ್ನು ತಟ್ಟಿದಳು. "ಹಂಗ ತಿಳ್ಕೋ ಬೇ. ಮಾರಿ ನೋಡಿ ಬರಾಕ."

"ಮಾರಿ ನೋಡಿ ಹೂಂ ಅನಬ್ಯಾಡವ್ವ. ಒಂದೀಟು ಹೊತ್ತು ಕುಂತು ಮಾತಾಡ್ಸಿ ನೋಡು. ಮಾರಿ ಎಲ್ಲಾರದೂ ಛಲೋನ ಇರ್ತದ."

ಅಕ್ಕ ಹೂಂ ಅಂದಳು. ಮುದುಕಿ ತನ್ನ ಮೂವರು ಅಳಿಯಂದಿರ ಗುಣಾವಗುಣಗಳನ್ನು ಹೇಳತೊಡಗಿದಳು. ಕಿಟಕಿಯ ಹೊರಗೆ ಜೋಳದ ಹೊಲಗಳು ಮುಗಿದು ಭತ್ತದ ಹಸಿರು ಶುರುವಾಯಿತು. ಮೂರನೆಯ ಅಳಿಯನ ಸರದಿ ಬರುವಷ್ಟರಲ್ಲಿ ಸಿಂಧನೂರೇ ಬಂತು.

ನಾವು ಹೋದ ಅಂಗಡಿ ಸುಬ್ಬಾರಾವ್ ಎಂಬವರದು. ಕಾಲುವೆ ಬಂದಾಗ ಭೂಮಿ ಮಾಡಲೆಂದು ಆಂಧ್ರದಿಂದ ಬಂದು ನೆಲೆಸಿದ ಮನೆತನ. ಟಿ.ವಿ., ಮಿಕ್ಸಿ ಮಾರುತ್ತಿದ್ದವರು ಈಗ ಮಿಲ್ಲುಗಳಿಗೆ ಕಂಪ್ಯೂಟರು ಕೂರಿಸಿಕೊಡುತ್ತಿದ್ದರು. "ಕೂರ್ಚೋಂಡಮ್ಮಾ" ಎಂದು ಅಕ್ಕನಿಗೆ ಖುರ್ಚಿ ಹಾಕಿ, ನಮ್ಮ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಾಗಿಲ ಬಳಿ ಮೆರೆಯುತ್ತಿದ್ದ ಹೊಸ ಕಲರ್ ಮಾನಿಟರಿಗೆ ಜೋಡಿಸಿದರು. ಪರದೆಯ ತುಂಬ ಒಂದು ಗಿಳಿ ಬಂತು. ಕೆಂಪು, ಹಸಿರು, ನೀಲಿ. ಮಾವ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ವಾರದ ಊಟದ ಚರ್ಚೆಯ ಗೆಲುವಿತ್ತು.

"ಗಿಳಿ ಛಲೋ ಐತಿ" ಎಂದಳು ಅಕ್ಕ. "ಆದ್ರ ನಾ ಗಿಳಿ ಟೈಪ್ ಮಾಡಂಗಿಲ್ರಿ. ಅಕ್ಷರ ತೋರ್ಸ್ರಿ."

ಅಕ್ಷರ ಬಂತು. ಅಕ್ಕ ಕುತ್ತಿಗೆ ಮುಂದೆ ಚಾಚಿದಳು, ಹಿಂದೆ ಎಳೆದಳು, ಪಕ್ಕಕ್ಕೆ ವಾಲಿದಳು. ಹೊಳೆಯುವ ಆ ಗಾಜಿನಲ್ಲಿ ಅಕ್ಷರಗಳ ಜೊತೆಗೆ ಅಂಗಡಿಯ ಟ್ಯೂಬ್‌ಲೈಟು, ಬೀದಿಯಲ್ಲಿ ಹೋಗುತ್ತಿದ್ದ ಭತ್ತದ ಚೀಲದ ಟ್ರ್ಯಾಕ್ಟರು, ಹಿಂದೆ ನಿಂತ ನಾವಿಬ್ಬರು ಎಲ್ಲರೂ ಇದ್ದೆವು. "ನನಗ ನಿಮ್ಮ ಮಾರಿ ಕಾಣಾಕತ್ತೈತಿ. ಅಕ್ಷರ ನಿಮ್ಮ ಹೊಟ್ಟ್ಯಾಗ ಎಲ್ಲೋ ಅದಾವ" ಎಂದಳು. ಸುಬ್ಬಾರಾವ್ ಮಾನಿಟರನ್ನು ಬಾಗಿಲಿಗೆ ಬೆನ್ನು ಮಾಡಿ ಇಟ್ಟರು. ಟ್ರ್ಯಾಕ್ಟರು ಹೋಯಿತು, ಟ್ಯೂಬ್‌ಲೈಟು ಹೋಗಲಿಲ್ಲ.

ಎರಡನೆಯದು ನನ್ನ ಪಕ್ಷದ ಅಭ್ಯರ್ಥಿ, ಕಪ್ಪು ಬಿಳುಪಿನದು. ಲೇಖನದಲ್ಲಿ ಹೇಳಿದ್ದು ಸುಳ್ಳೇನಲ್ಲ, ಅಕ್ಷರದ ಅಂಚು ಬ್ಲೇಡಿನಿಂದ ಕೊಯ್ದ ಹಾಗಿತ್ತು. ಆದರೆ ಅದರ ಬಿಳುಪು ಮಧ್ಯಾಹ್ನದ ಬಿಸಿಲಿನಂತೆ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಆಪರೇಶನ್ ಆದ ಕಣ್ಣಿಗೆ ಬಿಳಿ ಬೆಳಕು ಚುಚ್ಚುತ್ತದೆಂದು ನಾನು ಓದಿದ ಲೇಖನದಲ್ಲಿ ಇರಲಿಲ್ಲ. ಬೆಳಕು ತಗ್ಗಿಸುವ ಗುಂಡಿ ತಿರುಗಿಸಿದರೆ ಅಕ್ಷರವೂ ಬೂದಿಯಾಯಿತು. ಅಕ್ಕನ ಕಣ್ಣಿನಿಂದ ನೀರು ಇಳಿಯಿತು. ಚಸ್ಮಾ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದಳು.

"ಸಾಕು ತಮ್ಮ. ಮನಿಗೆ ಹೋಗೋಣು."

"ಅಕ್ಕ, ರಾಯಚೂರಾಗ ಬ್ಯಾರೆ ನಮೂನಿ ಸಿಗ್ತಾವ."

"ಮಾನಿಟರ್ ನೂರು ನಮೂನಿ ಇರಬಹುದೋ. ಕಣ್ಣು ಇವ ಎರಡ ಅಲ್ಲ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಂತೆಯಲ್ಲಿ ಬೇಕಾದ ಕಾಯಿಪಲ್ಲೆ ಸಿಗದಾಗ ಹೇಳುವ ದನಿಯಲ್ಲಿ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಮಾವ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ನಿಂತರು. ಬಣ್ಣದ ಮೇಲಿನ ಅವರ ಹಟವೂ ಚುಕ್ಕೆಗಳ ಮೇಲಿನ ನನ್ನ ಪಾಂಡಿತ್ಯವೂ ಒಂದೇ ಸಲ ನೆಲಕಚ್ಚಿದ್ದವು. ಸುಬ್ಬಾರಾವ್‌ಗೆ ನಮ್ಮ ಪರಿಸ್ಥಿತಿ ಅರ್ಥವಾಯಿತೋ ಏನೋ, ವ್ಯಾಪಾರದ ಮಾತು ಬಿಟ್ಟು, "ಟೀ ತಗೊಂಡೇ ಹೋಗ್ಬೇಕಮ್ಮಾ" ಎಂದು ಕೂರಿಸಿಕೊಂಡರು.

ಟೀ ಕುಡಿಯುತ್ತ ಅಕ್ಕ ಚಸ್ಮಾ ಹಾಕಿಕೊಂಡು ಅಂಗಡಿಯ ಒಳಭಾಗದ ಕಡೆ ತಿರುಗಿ ಕೂತಿದ್ದಳು. ಬೀದಿಯ ಬೆಳಕಿಗಿಂತ ಒಳಗಿನ ಮಬ್ಬು ಅವಳ ಕಣ್ಣಿಗೆ ಹಿತ. ಸ್ವಲ್ಪ ಹೊತ್ತಿನ ಮೇಲೆ ಅವಳು ಟೀ ಬಸಿ ಕೆಳಗಿಟ್ಟು ಕೇಳಿದಳು. "ಅಲ್ಲಿ ಸೋನಾ ಮಸೂರಿ ಅಂತ ಬರದೈತಲ್ಲ, ಅದೇನ್ರಿ?"

ನಾವು ಮೂವರೂ ತಿರುಗಿ ನೋಡಿದೆವು. ಹಿಂದಿನ ಮೂಲೆಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ, ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಒಂದು ಹಳೆಯ ಕಲರ್ ಮಾನಿಟರು ಇತ್ತು. ಕಪ್ಪು ಪರದೆ, ಅದರ ಮೇಲೆ ದಪ್ಪ ಹಳದಿ ಅಕ್ಷರ. ಯಾವುದೋ ಮಿಲ್ಲಿಗೆಂದು ಅಕ್ಕಿ ಚೀಲದ ಚೀಟಿ ಸಿದ್ಧಮಾಡುತ್ತಿದ್ದರಂತೆ.

"ಅದು ಹಳೇದಮ್ಮಾ. ಒಂದು ಆಫೀಸಿಂದ ಬಂದಿದ್ದು, ನಮ್ಮ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಚೂಡಕ್ಕೆ ಬಾಗಿಲ್ಲ ಕದಾ" ಎಂದು ಸುಬ್ಬಾರಾವ್ ಸಂಕೋಚಪಟ್ಟರು. ನೋಡಲು ಚೆನ್ನಾಗಿಲ್ಲ ಎಂದು ಅವರ ಅರ್ಥ.

"ನೋಡಾಕ ಹೆಂಗಾರ ಇರವಲ್ದ್ಯಾಕ" ಎಂದು ಅಕ್ಕ ಆಗಲೇ ಎದ್ದಿದ್ದಳು. "ನನಗ ಇಲ್ಲಿಂದ ಓದಾಕ ಬಂತಲ್ಲ."

ನಿಜ ಹೇಳಬೇಕೆಂದರೆ ಅಷ್ಟು ದೂರದಿಂದ ಅವಳು ಏನನ್ನಾದರೂ ಓದಿ ನಾವು ಕೇಳಿ ವರ್ಷವೇ ಆಗಿತ್ತು. ಮಾವ ಮೆಟ್ಟಿಲಿನಿಂದ ಒಳಗೆ ಬಂದರು. ಹತ್ತಿರ ಹೋಗಿ ನೋಡಿದೆವು. ಆ ಮಾನಿಟರಿನ ಗಾಜಿಗೆ ಹೊಳಪೇ ಇರಲಿಲ್ಲ. ಬಳಪ ಉಜ್ಜಿದ ಹಲಗೆಯಂತೆ ಮಬ್ಬಾಗಿದ್ದರಿಂದ ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಸುಬ್ಬಾರಾವ್ ಅದರ ತಂತಿ ಕಿತ್ತು ನಮ್ಮ ಡಬ್ಬಿಯ ಹಿಂದೆ ತಂದರು. ತಂತಿಯ ತುದಿಯ ಮುಳ್ಳುಗಳೂ ಡಬ್ಬಿಯ ತೂತುಗಳೂ ಹೊಂದಬೇಕು, ಹೊಂದದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಅವರು ಒಂದು ಸಲ ತಿರುವಿ ಒತ್ತಿದರು. ಕೂತಿತು.

ನಮ್ಮ ಡಬ್ಬಿಗೆ ಮಾತ್ರ ಹಳದಿಯ ಅಭ್ಯಾಸವಿರಲಿಲ್ಲ. ಮತ್ತೆ ಅದೇ ಬಿಳಿ ಪುಟ. ಇಲ್ಲಿ ನನ್ನ ಓದು ಸ್ವಲ್ಪ ಕೆಲಸಕ್ಕೆ ಬಂತು. ಡಬ್ಬಿಯ ಜೊತೆಗೆ ಬಂದ ಪುಸ್ತಿಕೆಯನ್ನು ಒಂದು ವಾರ ಓದಿದ್ದೆನಾದ್ದರಿಂದ ಪುಟದ ಬಣ್ಣ, ಅಕ್ಷರದ ಬಣ್ಣ ಎಲ್ಲಿ ಬದಲಿಸುವುದೆಂದು ಗೊತ್ತಿತ್ತು. ಗೊತ್ತಿತ್ತು ಎಂದೆ, ಆದರೆ ಮೊದಲು ಬಂದದ್ದು ಗುಲಾಬಿ. ಆಮೇಲೆ ನೇರಳೆ. ಆಮೇಲೆ ಕಪ್ಪಿನ ಮೇಲೆ ಕಪ್ಪು, ಅದನ್ನು ಯಾರಿಗೂ ಓದಲಾಗಲಿಲ್ಲ. "ಸೀರಿ ತೋರ್ಸಿದಂಗ ತೋರ್ಸಬ್ಯಾಡ್ರಿ ಮಾಸ್ತರ, ಬೇಕಾದ್ದು ತಗೀರಿ" ಎಂದರು ಮಾವ, ಇಡೀ ಆಯುಷ್ಯ ಅದನ್ನೇ ಮಾಡಿದವರು. ಕೊನೆಗೆ ಕಪ್ಪಿನ ಮೇಲೆ ಹಳದಿ ಸಿಕ್ಕಿತು. ಅಕ್ಷರವನ್ನು ದೊಡ್ಡದು ಮಾಡಿ ನಾನು ಪಕ್ಕಕ್ಕೆ ಸರಿದೆ.

ಅಕ್ಕ ಕೂತು, ಡಬ್ಬಿಯ ಜೊತೆಗೇ ಬಂದಿದ್ದ ಕೀಬೋರ್ಡಿನ ಮೇಲೆ ಬೆರಳುಗಳನ್ನಿಟ್ಟಳು. ಏನು ಟೈಪು ಮಾಡಬೇಕೆಂದು ಯೋಚಿಸಲಿಲ್ಲ, ಬೆರಳಿಗೆ ರೂಢಿಯಾದ ವಕೀಲರ ಅರ್ಜಿಯ ಮೊದಲ ಸಾಲುಗಳು ತಾವೇ ಬಂದವು. ಕೀಲಿಗಳು ಟೈಪ್‌ರೈಟರಿನಷ್ಟು ಸದ್ದು ಮಾಡದ್ದಕ್ಕೆ ಒಂದು ಕ್ಷಣ ಅನುಮಾನದಿಂದ ನಿಂತಳು, ಮುಂದುವರಿಸಿದಳು. ಆಮೇಲೆ ಕೈ ಎತ್ತಿ, ಪರದೆಯ ಹತ್ತಿರ ಮುಖ ತಂದು, ಒಂದೊಂದೇ ಪದ ತುಟಿಯಲ್ಲಿ ಓದುತ್ತ ಹೋದಳು. ಅವಳ ತುಟಿ ಒಂದು ಕಡೆ ನಿಂತಿತು. ಕಾಣದೆ ಹೋಯಿತೆಂದು ನನಗೆ ಹೆದರಿಕೆಯಾಯಿತು.

"ರೆಸ್ಪೆಕ್ಟ್‌ಫುಲ್ಲಿ ಅನ್ನೂದ್ರಾಗ ಒಂದು ಎಲ್ ಬಿಟ್ಟೀನಿ" ಎಂದಳು.

ನಾನು ಬಗ್ಗಿ ನೋಡಿದೆ. ನಿಜ, ಒಂದು ಅಕ್ಷರ ಬಿಟ್ಟುಹೋಗಿತ್ತು. ಮಾವನೂ ಬಗ್ಗಿ ನೋಡಿದರು, ಅವರಿಗೆ ಇಂಗ್ಲಿಷ್ ಬಾರದಿದ್ದರೂ. ಅಕ್ಕ ಖುರ್ಚಿಗೆ ಒರಗಿ ನಗತೊಡಗಿದಳು. ತನ್ನ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ಮಾತು ಇದು. "ನೋಡ್ರಿ, ನನ್ನ ತಪ್ಪು ನನಗ ಕಂಡೈತಿ" ಎಂದು ಮಾವನಿಗೆ ಇನ್ನೊಮ್ಮೆ ತೋರಿಸಿದಳು. ಮಾವ ಚಸ್ಮಾ ಇಲ್ಲದಿದ್ದರೂ ಕಣ್ಣೊರೆಸಿಕೊಂಡರು.

ಮಾರಾಟಕ್ಕಿಲ್ಲದ ಮಾನಿಟರನ್ನು ಸುಬ್ಬಾರಾವ್ ಕೊಟ್ಟರು. ಬೆಲೆಯ ಮಾತು ಮಾವ ನೋಡಿಕೊಂಡರು, ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯೊಂದಿಗೆ ಆಡುವ ಆ ಆಟದಲ್ಲಿ ನಮಗೆ ಪ್ರವೇಶವಿರಲಿಲ್ಲ. ಅಂಗಡಿಯವರೇ ಕೊಟ್ಟ ಹಳೆಯ ಕೌದಿಯಲ್ಲಿ ಅದನ್ನು ಸುತ್ತಿದೆವು. ಬಸ್ಸಿನಲ್ಲಿ ಮಾವ ಅದನ್ನು ಅಪ್ಪಿಕೊಂಡು ಕೂತ ಭಂಗಿ ನೋಡಿ, ಜವಳಗೇರಾಕ್ಕೆ ಹೋಗಬೇಕಾಗಿದ್ದು ತಪ್ಪು ಬಸ್ಸು ಹತ್ತಿದ್ದ ಒಬ್ಬ ರೈತ ತನ್ನ ಚಿಂತೆ ಮರೆತು, "ಹುಷಾರಿಲ್ಲೇನ್ರಿ ಕೂಸಿಗೆ?" ಎಂದು ಕೇಳಿದ.

ನಾನು ಮಸ್ಕಿಯಲ್ಲಿ ಇಳಿದೆ. ಅಲ್ಲಿಯ ಗುಡ್ಡದಲ್ಲಿ ಒಂದು ಬಂಡೆಯಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಮಾತನ್ನು ಅದರ ಮೇಲೆ ಕೆತ್ತಿಸಿದ. ನಾನು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಳಕು ನೇರವಾಗಿ ಬಿದ್ದಾಗ ಆ ಅಕ್ಷರಗಳು ಬಂಡೆಯೊಳಗೆ ಅಡಗಿಬಿಡುತ್ತವೆ, ಓರೆಯಾಗಿ ಬಿದ್ದಾಗ ಎದ್ದು ಕೂರುತ್ತವೆ. ಮಕ್ಕಳು ತಲೆ ಆ ಕಡೆ ಈ ಕಡೆ ಮಾಡಿ ಹುಡುಕಬೇಕು. ಕೆತ್ತಿಸಿದವನು ಓದುವವರ ಕಣ್ಣನ್ನು ವಿಚಾರಿಸಲಿಲ್ಲ, ಚಕ್ರವರ್ತಿಗಳಿಗೆ ಅದರ ಅಗತ್ಯವೂ ಇರಲಿಕ್ಕಿಲ್ಲ. ಅಂದಿನಿಂದ ಇಂದಿನವರೆಗೆ ಬಂಡೆ, ಓಲೆ, ಕಾಗದ ಎಲ್ಲದರ ಎದುರೂ ಬಗ್ಗಿದ್ದು, ಹೊರಳಿದ್ದು, ಕಣ್ಣು ಕಿರಿದು ಮಾಡಿದ್ದು ಮನುಷ್ಯನೇ. ಅಕ್ಷರವೇ ನಮ್ಮ ಕಣ್ಣಿಗೆ ತಕ್ಕಂತೆ ಬಗ್ಗಿ ಬಂದದ್ದನ್ನು ನಾನು ಮೊದಲು ನೋಡಿದ್ದು ಆ ರವಿವಾರ, ಸಿಂಧನೂರಿನ ಒಂದು ಅಂಗಡಿಯ ಹಿಂದಿನ ಮೂಲೆಯಲ್ಲಿ.

ಅಕ್ಕನ ಕ್ಲಾಸು ಮುಚ್ಚಲಿಲ್ಲ. ವಕೀಲರು ಒಬ್ಬೊಬ್ಬರಾಗಿ ಮರ್ಯಾದೆಯಿಂದಲೇ ಹಿಂದಿರುಗಿದರು. ತಪ್ಪನ್ನು ಮೊದಲೇ ತಿದ್ದಿ ಆಮೇಲೆ ಪ್ರಿಂಟರಿನಲ್ಲಿ ಅಚ್ಚು ತೆಗೆಯಬಹುದೆಂಬುದು ಅವರಿಗೂ ಹೊಸತು. ಮಾವ ಮಾತ್ರ ಒಂದು ಕೊರಗು ಇಟ್ಟುಕೊಂಡರು. ಹದಿನಾರು ಬಣ್ಣ ತೋರಿಸಬಲ್ಲ ಯಂತ್ರವನ್ನು ಅಪ್ಪಿಕೊಂಡು ತಂದರೆ ಅಕ್ಕ ಅದರಲ್ಲಿ ಒಂದೇ ಬಣ್ಣ ಬಳಸುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, "ನಮ್ಮನ್ಯಾಗ ಕಲರ್ ಐತ್ರಿ, ಹಚ್ಚಂಗಿಲ್ಲ ಅಷ್ಟ" ಎನ್ನುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ನಾನು ಲಿಂಗಸುಗೂರಿಗೆ ಹೋಗಿದ್ದಾಗ ದಢೇಸುಗೂರಿನ ಕಡೆಯ ಒಬ್ಬ ರೈತ ತನ್ನ ಮಗಳನ್ನು ಕರೆದುಕೊಂಡು ಬಂದ. ಲಿಂಗಸುಗೂರಿನಲ್ಲಿ ಅವನ ತಂಗಿಯ ಮನೆಯಿತ್ತಂತೆ. ಹುಡುಗಿಯ ಹೆಸರು ಗಂಗಮ್ಮ, ಹದಿನಾರು ಹದಿನೇಳರ ಪ್ರಾಯ. ಹಲಗೆಯ ಮೇಲೆ ಬರೆದದ್ದು ಕಾಣುವುದಿಲ್ಲವೆಂದು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. "ಇಕಿಗೆ ಕಣ್ಣು ಭಾಳ ಮಂದ ಐತ್ರಿ ಅಮ್ಮಾರ. ನಿಮ್ಮದೂ ಹಂಗ ಐತಿ ಅಂತ ಯಾರೋ ಅಂದ್ರು. ಇಕಿ ಕಲೀತಾಳೋ ಇಲ್ಲೋ, ಒಂದಿಷ್ಟು ನೋಡ್ರಿ" ಎಂದು ಬಾಗಿಲಲ್ಲೇ ನಿಂತ. ಹುಡುಗಿ ನೆಲ ನೋಡುತ್ತಿದ್ದಳು. ನೆಲವಾದರೂ ಅವಳಿಗೆ ಎಷ್ಟು ಕಾಣುತ್ತಿತ್ತೋ.

ಅಕ್ಕ ಅವಳ ಕೈ ಹಿಡಿದು ಮಾನಿಟರಿನ ಎದುರು ಕೂರಿಸಿದಳು. ಒಂದು ಕೀಲಿ ಒತ್ತಿ, ಅಕ್ಷರವನ್ನು ಹಿಗ್ಗಿಸುತ್ತ ಹೋದಳು. ಹಳದಿ ಬಣ್ಣದ ಒಂದೇ ಒಂದು 'ಗ' ಕಪ್ಪು ಪರದೆಯ ತುಂಬ ರೊಟ್ಟಿಯಷ್ಟು ಅಗಲವಾಗಿ ನಿಂತಿತು. ಬಾಗಿಲಲ್ಲಿದ್ದ ಅಪ್ಪನಿಗೂ ಅದು ಕಂಡಿರಬೇಕು, ಅವನು ಒಂದು ಹೆಜ್ಜೆ ಒಳಗೆ ಬಂದ.

"ಕಾಣ್ತದೇನವ್ವ?" ಎಂದಳು ಅಕ್ಕ. "ಕಾಣದಿದ್ರ ಹೇಳು, ಇನ್ನೂ ದೊಡ್ಡದು ಮಾಡ್ತೀನಿ."

ಹುಡುಗಿ ಮುಖ ಮುಂದೆ ತಂದು ನೋಡಿದಳು, ಹಿಂದೆ ಸರಿದು ನೋಡಿದಳು. ಆಮೇಲೆ ಅವಳ ತುಟಿಯ ಮೂಲೆಯಲ್ಲಿ ಏನೋ ಸಡಿಲವಾಯಿತು.

"ಇಷ್ಟು ದೊಡ್ಡದು ಬ್ಯಾಡ್ರಿ ಟೀಚರ್" ಎಂದಳು. "ಸ್ವಲ್ಪ ಸಣ್ಣದು ಮಾಡ್ರಿ."